ಅಮ್ಮನ ಮಂಚದೆತ್ತರದ ಕಾರು

ಕಾರು ನೋಡಲು ಹೊರಟ ದಿನ ನಾನು ಕೈಚೀಲದಲ್ಲಿ ಹೊಲಿಗೆಯ ಟೇಪು ಹಾಕಿಕೊಂಡಿದ್ದೆ. ಅದು ನಮ್ಮವರ ಕಣ್ಣಿಗೆ ಬಿತ್ತು. "ಅಲ್ಲ ಮಾರಾಯ್ತಿ, ನಾವು ಹೋಗ್ತಿರೋದು ಶಿವಮೊಗ್ಗದ ಕಾರಿನ ಶೋರೂಮಿಗೆ. ರವಿಕೆ ಅಳತೆ ಕೊಡೋಕಲ್ಲ" ಎಂದು ನಕ್ಕರು. ನಾನೂ ನಕ್ಕೆ, ಟೇಪನ್ನು ಮಾತ್ರ ತೆಗೆದಿಡಲಿಲ್ಲ. ಅದರ 22ನೆಯ ಇಂಚಿನ ಹತ್ತಿರ ಒಂದು ಕೆಂಪು ನೂಲು ಕಟ್ಟಿದ್ದೆ. ಅದು ಸೋಮೇಶ್ವರದ ತವರುಮನೆಯಲ್ಲಿ ಅಮ್ಮ ಮಲಗುವ ಮಂಚದ ಎತ್ತರ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಆಕೆ ಇನ್ನೊಬ್ಬರ ಕೈ ಹಿಡಿಯದೆ ಕೂತು ಏಳುವುದು ಆ ಮಂಚದಿಂದ ಮಾತ್ರ. ತಗ್ಗಾದ ಆಸನದಲ್ಲಿ ಕೂರಿಸಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಹಳೆಯ ಸಣ್ಣ ಕಾರಿನ ಸೀಟು 19 ಇಂಚು. ಅದರಿಂದ ಅಮ್ಮನನ್ನು ಎಬ್ಬಿಸುವುದೆಂದರೆ ಬಾವಿಯಿಂದ ಕೊಡ ಎತ್ತಿದ ಹಾಗೆ.

ಶೋರೂಮಿನಲ್ಲಿ ಕುತ್ತಿಗೆಗೆ ಟೈ ಕಟ್ಟಿದ ಹುಡುಗನೊಬ್ಬ ಓಡಿಬಂದ. "ಬನ್ನಿ ಸರ್, ಕೂತ್ಕೊಳಿ ಸರ್, ಪೆಟ್ರೋಲಾ ಡೀಸೆಲ್ಲಾ ಸರ್?" ನನ್ನ ಕಡೆ ತಿರುಗಿ, "ಮೇಡಂ, ಕಾಫಿನಾ ಟೀನಾ?" ಎಂದ. ಕಾರಿನ ಬಣ್ಣಬಣ್ಣದ ಪುಸ್ತಕ ಅವರ ಕೈಗೆ ಹೋಯಿತು, ಕಾಫಿಯ ಲೋಟ ನನ್ನ ಕೈಗೆ ಬಂತು. 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ 2025ರ ಮೇ ತಿಂಗಳಲ್ಲಿ ನಿವೃತ್ತಳಾದವಳು ನಾನು. ಕಾರಿಗೆ ಹಾಕುವ ಹಣ ನನ್ನ ಗ್ರಾಚ್ಯುಯಿಟಿಯದು, ಓಡಿಸಬೇಕಾದವಳೂ ನಾನೇ. ಆ ಹುಡುಗನದೇನೂ ತಪ್ಪಿಲ್ಲ ಬಿಡಿ. ನಾನೇ ಆ ಮಾತನ್ನು ಇನ್ನೂ ಯಾರೆದುರೂ ಗಟ್ಟಿಯಾಗಿ ಹೇಳಿರಲಿಲ್ಲ. ನಮ್ಮವರೆದುರು ಕೂಡ.

ಅದಕ್ಕೆ ಕಾರಣವಾದ ರಾತ್ರಿಯೊಂದಿದೆ. 2024ರ ಜುಲೈ. ಆಗುಂಬೆಯ ಮಳೆಯೆಂದರೆ ನಿಮಗೆ ಗೊತ್ತಲ್ಲ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು ಅದು. ರಾತ್ರಿ ಹತ್ತು ಗಂಟೆಗೆ ತಮ್ಮ ಫೋನು ಮಾಡಿದ. ಅಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ, ಉಡುಪಿ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದ. ತೀರ್ಥಹಳ್ಳಿಯ ನಮ್ಮ ಮನೆಯಿಂದ ಘಾಟಿ ಇಳಿದರೆ ತವರು, ಇನ್ನೂ ಮುಂದಕ್ಕೆ ಆಸ್ಪತ್ರೆ. ಕಾರು ಅಂಗಳದಲ್ಲೇ ಇತ್ತು. ನಮ್ಮವರಿಗೆ ಗ್ಲಾಕೋಮಾ, ಕಣ್ಣಿನ ಅಂಚಿನ ನೋಟ ಹೋಗಿದೆ, ರಾತ್ರಿ ಗಾಡಿ ಮುಟ್ಟಬಾರದೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ನನ್ನ ಹತ್ತಿರ ಲೈಸೆನ್ಸ್ ಇತ್ತು. 2003ರಲ್ಲಿ ತೆಗೆದದ್ದು. ಆದರೆ ಅದರಿಂದ ನಾನು ಓಡಿಸಿದ್ದು ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರ್ಕೆಟ್ಟಿಗೆ. ಘಾಟಿಗೆ ಒಮ್ಮೆಯೂ ಇಳಿದವಳಲ್ಲ. ಬೀಗದ ಕೈ ಹಿಡಿದು ಜಗಲಿಯಲ್ಲಿ ನಿಂತೆ. ಮಳೆ ನೋಡಿದೆ. ಒಳಗೆ ಬಂದು ಟ್ಯಾಕ್ಸಿಯವರಿಗೆ ಫೋನು ಮಾಡತೊಡಗಿದೆ. ಮೂವರು ಆಗುವುದಿಲ್ಲ ಎಂದರು, ನಾಲ್ಕನೆಯವನು ಬೆಳಗಿನ ಜಾವ ಬಂದ. ನಾನು ಆಸ್ಪತ್ರೆ ಮುಟ್ಟುವಾಗ ಬೆಳಕು ಹರಿದಿತ್ತು. ಅಮ್ಮ ಕಣ್ಣು ಬಿಟ್ಟು, "ಬಂದ್ಯಾ ಮಗಾ? ಮೇಲೆ ಮಳೆ ಜೋರುಂಟಾ?" ಎಂದಳು. ಆಕೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೀಗಾಗಿ ನಿವೃತ್ತಿಯ ಗಂಟು ಕೈಗೆ ಬಂದಾಗ ಬಳೆ, ಸರ, ಸೈಟು ಎಂದೆಲ್ಲ ಸಲಹೆ ಕೊಟ್ಟವರಿಗೆ ನಾನು ಕಾರು ಎಂದೆ. ಅದೂ ಎತ್ತರದ ಕಾರು.

ಎತ್ತರದ ಕಾರು ಎಂದೊಡನೆ ಅದು ಜೀಪಿನ ಜಾತಿ ಎಂದುಕೊಳ್ಳಬೇಡಿ. ನಾನೂ ಹಾಗೇ ತಿಳಿದಿದ್ದೆ. ಎಸ್‌ಯುವಿ ಎಂದು ಪೇಟೆಯವರೆಲ್ಲ ಕರೆಯುವ ಈ ಸಣ್ಣ ಗಾಡಿಗಳು ಒಳಗೆ ನಮ್ಮ ನಿಮ್ಮ ಮಾಮೂಲಿ ಕಾರುಗಳೇ. ಜೀಪಿನ ಹಾಗೆ ಕೆಳಗೆ ಬೇರೆ ಕಬ್ಬಿಣದ ಚೌಕಟ್ಟಿಲ್ಲ. ಎಂಜಿನ್ನು ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನಷ್ಟೇ. ಯಕ್ಷಗಾನದಲ್ಲಿ ಬಡಕಲು ಹುಡುಗ ಕಿರೀಟ, ಭುಜಕೀರ್ತಿ ಕಟ್ಟಿ ರಂಗಕ್ಕೆ ಬಂದರೆ ಅರಸನಾಗುವುದಿಲ್ಲವೇ, ಹಾಗೆ ಇದು ಜೀಪಿನ ವೇಷ ಕಟ್ಟಿದ ಕಾರು. ಆದರೆ ವೇಷದಿಂದ ಬಂದ ಲಾಭ ಸುಳ್ಳಲ್ಲ. ನೆಲದಿಂದ ಹೊಟ್ಟೆಯವರೆಗೆ 19, 20 ಸೆಂಟಿಮೀಟರ್ ಅಂತರ, ಕೂರಲು ಎತ್ತರದ ಸೀಟು.

ಇನ್ನೊಂದು ಸೋಜಿಗ ನೋಡಿ. ವೆನ್ಯೂ, ಸೋನೆಟ್, ನೆಕ್ಸಾನ್, ಬ್ರೆಝಾ ಎಂದು ಕಂಪನಿಗೊಂದು ಹೆಸರಿನ ಈ ಗಾಡಿಗಳ ಉದ್ದ ಪುಸ್ತಕದಲ್ಲಿ ನೋಡಿದೆ. ಎಲ್ಲವೂ 3,995 ಮಿಲಿಮೀಟರ್! ಪರೀಕ್ಷೆಯಲ್ಲಿ ನಾಲ್ಕು ಮಕ್ಕಳ ಉತ್ತರ ಹೀಗೆ ಒಂದೇ ಬಂದಿದ್ದರೆ ನಾನು ಬೆಂಚು ಬದಲಿಸುತ್ತಿದ್ದೆ. ಕಾಪಿ ಹೊಡೆಸಿದ್ದು ಸರ್ಕಾರ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರೆಂದರೆ ಏನೆಂದು ಗೆರೆ ಎಳೆದರು. ಉದ್ದ 4 ಮೀಟರು ಮೀರಬಾರದು, ಎಂಜಿನ್ನು ಪೆಟ್ರೋಲಾದರೆ 1,200 ಸಿ.ಸಿ., ಡೀಸೆಲ್ಲಾದರೆ 1,500 ಸಿ.ಸಿ. ದಾಟಬಾರದು. ಗೆರೆಯೊಳಗಿದ್ದವರಿಗೆ ತೆರಿಗೆ ಕಡಿಮೆ. 2013ರಲ್ಲಿ ಫೋರ್ಡಿನ ಇಕೋಸ್ಪೋರ್ಟ್ ಈ ಗೆರೆಯೊಳಗೆ ಎತ್ತರದ ಗಾಡಿಯನ್ನು ತಂದು ಹೆಸರು ಮಾಡಿತು. ಉಳಿದವರೆಲ್ಲ ಹಿಂದೆ ಬಂದರು. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಗಾಡಿಗೆ ಜಿ.ಎಸ್.ಟಿ. ನೂರಕ್ಕೆ 18, ಹೊರಗಿನದಕ್ಕೆ 40. ಬ್ರೆಝಾದ ಉದ್ದ ಸರಿಯಾಗೇ ಇದೆ. ಆದರೆ ಅದರ ಪೆಟ್ರೋಲ್ ಎಂಜಿನ್ನು 1,462 ಸಿ.ಸಿ. ಆದ್ದರಿಂದ ಅದು ಗೆರೆಯಾಚೆ. ಗಣಿತದ ಟೀಚರಿಗೆ ಇಷ್ಟು ಸಿಕ್ಕಿದರೆ ಸಾಕಲ್ಲ, ನಾನು ಒಂದು ನೂರು ಪುಟದ ನೋಟುಬುಕ್ಕು ಕೊಂಡು ತಂದೆ.

ನೋಟುಬುಕ್ಕಿನ ಮೊದಲ ಪುಟದಲ್ಲಿ ಎಂಜಿನ್ನು. ಒಂದೇ ಗಾಡಿಗೆ ಮೂರು ಎಂಜಿನ್ನುಗಳ ಆಯ್ಕೆ ಕೊಡುತ್ತಾರೆಂಬುದೇ ನನಗೆ ಹೊಸತು. ವೆನ್ಯೂ, ಸೋನೆಟ್ ಅಕ್ಕತಂಗಿಯರಿದ್ದ ಹಾಗೆ, ಎರಡಕ್ಕೂ ಅವೇ ಮೂರು. 1.2 ಲೀಟರಿನ ಸಾದಾ ಪೆಟ್ರೋಲು, 83 ಕುದುರೆ ಶಕ್ತಿ. 1 ಲೀಟರಿನ ಟರ್ಬೊ ಪೆಟ್ರೋಲು, 120 ಕುದುರೆ. 1.5 ಲೀಟರಿನ ಡೀಸೆಲ್ಲು, 116 ಕುದುರೆ. ಇದರಲ್ಲೇ ನನಗೆ ಲೆಕ್ಕ ತಪ್ಪಿದಂತಾಯಿತು. ಚಿಕ್ಕ ಎಂಜಿನ್ನಿಗೆ ಹೆಚ್ಚು ಕುದುರೆ ಹೇಗೆ? ಟರ್ಬೊ ಎಂದರೇನೆಂದು ಶೋರೂಮಿನ ಹುಡುಗನನ್ನು ಕೇಳಿದರೆ "ಪಿಕಪ್ ಸೂಪರ್ ಇರುತ್ತೆ ಮೇಡಂ" ಎಂದ. ಉತ್ತರಕ್ಕೆ ಅಂಕ ಕೊಡಲಾಗಲಿಲ್ಲ.

ಕೊನೆಗೆ ಅರ್ಥ ಮಾಡಿಸಿದ್ದು ನನ್ನದೇ ಹಳೆಯ ಶಿಷ್ಯ. ತೀರ್ಥಹಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ, ಲೆಕ್ಕದಲ್ಲಿ 35ರ ಗಡಿಯನ್ನು ಕಷ್ಟಪಟ್ಟು ದಾಟಿದವನು. "ಮೇಡಂ, ಮಳೆಗಾಲದಲ್ಲಿ ಹಸಿ ಸೌದೆ ಒಲೆಗೆ ಊದುಗೊಳವೆಯಲ್ಲಿ ಊದ್ತಿದ್ರಲ್ಲ, ಅದೇ ಟರ್ಬೊ" ಎಂದ. ಎಂಜಿನ್ನು ಹೊರಗೆ ಬಿಡುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ಗಾಳಿ ಹೆಚ್ಚಾದರೆ ಇಂಧನ ಹೆಚ್ಚು ಉರಿಯುತ್ತದೆ. ಅಷ್ಟೇ. ಊದಿದ ತಕ್ಷಣ ಉರಿ ಏಳುವುದಿಲ್ಲ, ಒಂದು ಗಳಿಗೆ ತಡ, ಟರ್ಬೊದಲ್ಲೂ ಆ ತಡವಿದೆ ಎಂದೂ ಹೇಳಿದ. ಅವನಿಗೆ ನಾನು ಏಳು ಅಂಕ ಕಡಿಮೆ ಕೊಟ್ಟಿದ್ದೆನೇನೋ ಎಂದು ಆಮೇಲೆ ಅನುಮಾನವಾಯಿತು.

ನಮ್ಮವರದು ಮೊದಲಿನಿಂದಲೂ ಡೀಸೆಲ್ ಪಕ್ಷ. "ಡೀಸೆಲ್ ಅಂದ್ರೆ ಎಮ್ಮೆ ಇದ್ದ ಹಾಗೆ. ತಿನ್ನೋದು ಕಮ್ಮಿ, ಎಳೆಯೋದು ಜಾಸ್ತಿ." ಎಮ್ಮೆಯಿಂದ ಗಾಡಿ ಎಳೆಸಿದವರನ್ನು ನಾನು ನೋಡಿಲ್ಲ, ಆದರೆ ಅವರ ಮಾತಿನಲ್ಲಿ ಸತ್ಯವಿತ್ತು. ಎಳೆಯುವ ಬಲವನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಸಾದಾ ಪೆಟ್ರೋಲಿಗೆ ಸುಮಾರು 115, ಟರ್ಬೊಗೆ 172, ಡೀಸೆಲ್ಲಿಗೆ 250. ಘಾಟಿಗೆ ಡೀಸೆಲ್ಲೇ ಅರಸ. ಆದರೆ ಅರಸನ ಖರ್ಚು ಏನು? ನೋಟುಬುಕ್ಕು ತೆಗೆದೆ. ನಾನು ತಿಂಗಳಿಗೆ ಓಡಿಸುವುದು ಹೆಚ್ಚೆಂದರೆ 600 ಕಿಲೋಮೀಟರು. ಪೆಟ್ರೋಲು ಲೀಟರಿಗೆ 103 ರೂಪಾಯಿ, 14 ಕಿಲೋಮೀಟರು ಕೊಟ್ಟೀತು. ಡೀಸೆಲ್ಲು 91, 18 ಕಿಲೋಮೀಟರು ಕೊಟ್ಟೀತು. ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 30 ಪೈಸೆ, ವರ್ಷಕ್ಕೆ 16,560 ರೂಪಾಯಿ. ನಮಗೆ ಕೊಟ್ಟ ಚೀಟಿಯಲ್ಲಿ ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು. ಹಾಕಿದ ದುಡ್ಡು ತಿರುಗಿ ಬರಲು ಒಂಬತ್ತು ವರ್ಷ ಬೇಕು. ಆಗ ನನಗೆ 69.

ಅದಕ್ಕಿಂತ ದೊಡ್ಡ ತೊಡಕನ್ನು ಶಿಷ್ಯ ಹೇಳಿದ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿಯಂಥದೊಂದಿದೆ. ಗಾಡಿ ದೂರದ ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ ಚೆನ್ನಾಗಿ ಕಾದರೆ ಆ ಮಸಿ ಸುಟ್ಟುಹೋಗುತ್ತದೆ. ದಿನಾ ಎರಡು ಕಿಲೋಮೀಟರು ಓಡಿಸಿ ನಿಲ್ಲಿಸಿದರೆ ಕಟ್ಟಿಕೊಳ್ಳುತ್ತದೆ. ಬಚ್ಚಲ ಹಂಡೆಯ ಒಲೆಗೆ ದಿನಾ ಎರಡೇ ಪುರಳೆ ಹಾಕಿ ಹೊಗೆ ಎಬ್ಬಿಸಿದರೆ ಗೋಡೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೆ? ನನ್ನ ಓಡಾಟದಲ್ಲಿ ಹೆಚ್ಚಿನದು ಮಾರ್ಕೆಟ್ಟು, ದೇವಸ್ಥಾನ, ಮಹಿಳಾ ಸಮಾಜ. ತಿಂಗಳಿಗೆ ಎರಡು ಸಲ ತವರು. ಡೀಸೆಲ್ಲು ಬೇಡವೆಂದು ಬರೆದೆ. ನಮ್ಮವರು ಆ ಪುಟ ಓದಿ, ಏನೂ ಹೇಳದೆ ಪೇಪರು ಬಿಡಿಸಿಕೊಂಡರು.

ಇನ್ನು ವೇರಿಯಂಟು. ಇದರಲ್ಲಿ ಕಂಪನಿಯವರು ನಮ್ಮ ಸೀರೆ ಅಂಗಡಿಯವರನ್ನೂ ಮೀರಿಸಿದ್ದಾರೆ. ಒಂದೇ ಗಾಡಿ, ಹತ್ತು ಹನ್ನೆರಡು ಮಾದರಿ. ಬುಡದ್ದಕ್ಕೆ ಬರಿ ಸ್ಟಿಯರಿಂಗು ಸೀಟು, ತುದಿಯದ್ದಕ್ಕೆ ಅರಮನೆಯ ಠೀವಿ. ನಡುವೆ ಒಂದೊಂದು ಮೆಟ್ಟಿಲಿಗೂ ನಲವತ್ತೋ ಐವತ್ತೋ ಸಾವಿರ. ನಾನು ಕೇಳಿದ್ದು ಸಾದಾ ಪ್ರಶ್ನೆ. ಹಿಂದಿನ ಗಾಜು ಒರೆಸುವ ವೈಪರು, ಮಂಜು ಕರಗಿಸುವ ಬಿಸಿ ಗೆರೆಗಳು ಯಾವುದರಲ್ಲಿವೆ? ಆಗುಂಬೆಯ ಮಂಜಿನಲ್ಲಿ ಹಿಂದೆ ಬರುವ ಗಾಡಿ ಕಾಣಬೇಡವೆ? ನಾವು ನೋಡಿದ ಒಂದು ಗಾಡಿಯಲ್ಲಿ ಆ ಕಡ್ಡಿ ಬೇಕೆಂದರೆ ಮೇಲಿನ ಮೆಟ್ಟಿಲಿಗೇ ಹತ್ತಬೇಕಿತ್ತು, ಹತ್ತಿದರೆ ಜತೆಗೆ ಸನ್‌ರೂಫನ್ನೂ ಕೊಳ್ಳಬೇಕಿತ್ತು. ಸೆರಗಿಗೊಂದು ಪಿನ್ನು ಕೇಳಿದರೆ ಒಡ್ಯಾಣವನ್ನೂ ಕಟ್ಟಿಕೊಳ್ಳಿ ಎಂದ ಹಾಗೆ. ತೀರ್ಥಹಳ್ಳಿಯಲ್ಲಿ ಆಕಾಶ ನೋಡಲು ಮಾಡಿಗೆ ತೂತು ಬೇಕೆ? ಆರು ತಿಂಗಳು ಆಕಾಶವೇ ಕೆಳಗಿಳಿದು ಬರುತ್ತದೆ. ಹುಡುಗನಿಗೆ ಹೀಗೆಂದೆ. ಅವನು ನಗಲಿಲ್ಲ, "ರೀಸೇಲ್ ವ್ಯಾಲ್ಯೂ ಇರುತ್ತೆ ಮೇಡಂ" ಎಂದ.

ಏರ್‌ಬ್ಯಾಗಿನ ವಿಷಯದಲ್ಲಿ ಮಾತ್ರ ನಾನು ಚೌಕಾಸಿ ಮಾಡಲಿಲ್ಲ. 2018ರಲ್ಲಿ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ತಂದ ಮೇಲೆ ನಮ್ಮ ಜನವೂ ಇದನ್ನು ಕೇಳತೊಡಗಿದರು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಈಗ ಇಂಥ ಹಲವು ಗಾಡಿಗಳಲ್ಲಿ ಬುಡದ ಮಾದರಿಗೇ ಆರು ಏರ್‌ಬ್ಯಾಗ್ ಕೊಡುತ್ತಾರೆ. ಇದು ಮೇಲಿನ ಮೆಟ್ಟಿಲಿನವರಿಗಷ್ಟೇ ಅಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟಿತು.

ತೆರಿಗೆಯ ಇನ್ನೊಂದು ಗೆರೆಯನ್ನೂ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಉಪಯೋಗವಾದೀತು. ನಾನು ಕೊಂಡಾಗ ನಮ್ಮ ರಾಜ್ಯದಲ್ಲಿ ಗಾಡಿಯ ಆಜೀವ ತೆರಿಗೆ ಹತ್ತು ಲಕ್ಷದವರೆಗೆ ನೂರಕ್ಕೆ 14, ಹತ್ತು ದಾಟಿದರೆ 17. 9,95,000 ರೂಪಾಯಿಯ ಗಾಡಿಗೆ 1,39,300. 10,05,000ದ ಗಾಡಿಗೆ 1,70,850. ಹತ್ತು ಸಾವಿರದ ಬಣ್ಣವೋ ಸ್ಪೀಕರೋ ಆಸೆಪಟ್ಟು ಗೆರೆ ದಾಟಿದರೆ ತೆರಿಗೆಯೇ 31,550 ಹೆಚ್ಚು. ಮೇಲೆ ಸೆಸ್ಸು ಬೇರೆ. ಹತ್ತು ಲಕ್ಷ ದಾಟಿದ್ದಕ್ಕೆ ನೂರಕ್ಕೆ ಒಂದರಂತೆ ಆದಾಯ ತೆರಿಗೆಯನ್ನೂ ಶೋರೂಮಿನವರೇ ಹಿಡಿಯುತ್ತಾರೆ. ಅದನ್ನು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಮರೆಯಬೇಡಿ. ಸಾದಾ ಪೆಟ್ರೋಲು, ಕೆಳಗಿನ ವೇರಿಯಂಟು ತೆಗೆದುಕೊಂಡರೆ ನಾನು ಹತ್ತರ ಒಳಗೇ ಇರುತ್ತಿದ್ದೆ. ನನ್ನ ಜಿಪುಣ ಮನಸ್ಸು ಅಲ್ಲಿಗೇ ವಾಲಿತ್ತು.

ಅದನ್ನು ಬದಲಿಸಿದ್ದು ಘಾಟಿ. ಶೋರೂಮಿನವರ ಟ್ರಯಲ್ ಎಂದರೆ ಪೇಟೆಯೊಳಗೆ ಮೂರು ಕಿಲೋಮೀಟರಿನ ಸುತ್ತು. ಘಾಟಿಗೆ ಕೊಡುವುದಿಲ್ಲವಂತೆ. ಹಪ್ಪಳವನ್ನು ಎಣ್ಣೆಗೆ ಹಾಕದೆ ರುಚಿ ಹೇಳುವುದು ಹೇಗೆ? ಶಿಷ್ಯ ತನ್ನ ಬಳಿಯಿದ್ದ ಸಾದಾ 1.2 ಎಂಜಿನ್ನಿನ ಗೇರಿನ ಗಾಡಿ ತಂದ. ಒಂದು ಭಾನುವಾರ ಬೆಳಿಗ್ಗೆ ಅವನು, ಅವನ ಹೆಂಡತಿ, ನಮ್ಮವರು, ಹಿಂದೆ ಎರಡು ಮೂಟೆ ಅಡಿಕೆ. ಸ್ಟಿಯರಿಂಗು ನನ್ನ ಕೈಗೆ. 60ನೇ ವಯಸ್ಸಿನಲ್ಲಿ ಮೊದಲ ಸಲ ಆಗುಂಬೆ ಘಾಟಿ ಇಳಿದು, ಸೋಮೇಶ್ವರದಲ್ಲಿ ತಿರುಗಿಸಿ ಹತ್ತಿದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಆ ಎಂಜಿನ್ನಿನ ಪೂರ್ತಿ ಬಲ ಬರುವುದು ನಿಮಿಷಕ್ಕೆ 4,000 ಸುತ್ತಿನಲ್ಲಿ. ತಿರುವಿನಲ್ಲಿ ಎದುರು ಬಸ್ಸು ಬಂತೆಂದರೆ ನಾವು ನಿಂತೇ ಹೋಗುತ್ತೇವೆ, ಸುತ್ತು ಇಳಿಯುತ್ತದೆ, ಗಾಡಿ ನಡುಗುತ್ತದೆ. ಕ್ಲಚ್ಚು ತುಳಿ, ಒಂದನೇ ಗೇರು ಹಾಕು, ಕೂಗಿಸು, ಮತ್ತೆ ಕ್ಲಚ್ಚು, ಎರಡನೇ ಗೇರು. ಗಾಡಿ ಹತ್ತಲಿಲ್ಲವೆಂದಲ್ಲ, ಹತ್ತಿತು. ಪಾಪದ ಹುಡುಗ ಓದಿ ಓದಿ ಪಾಸಾದ ಹಾಗೆ. ಆದರೆ ಮೇಲೆ ಸೂರ್ಯಾಸ್ತದ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದಾಗ ನನ್ನ ಎಡಮೊಣಕಾಲು ಹೇಳಿದ ಮಾತು ಬೇರೆ. ಆ ರಾತ್ರಿ ಎಕ್ಕದ ಎಲೆ ಕಾಯಿಸಿ ಕಟ್ಟಿಕೊಂಡು ಮಲಗಿದೆ. ನನ್ನ ಎಡಮೊಣಕಾಲಿನ ಸವಕಲು ಹಳೆಯದು. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತದ್ದರ ಬಡ್ಡಿ.

ಹಾಗಾದರೆ ಕ್ಲಚ್ಚಿಲ್ಲದ ಆಟೋಮ್ಯಾಟಿಕ್ಕೇ ಆಗಬೇಕು. ಅದರಲ್ಲೂ ನಾಲ್ಕು ಜಾತಿ. ಎ.ಎಂ.ಟಿ. ಎಂಬುದು ಅಗ್ಗ. ಮಾಮೂಲಿ ಗೇರುಪೆಟ್ಟಿಗೆಯೇ, ಕ್ಲಚ್ಚು ತುಳಿದು ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಗೇರು ಬದಲಿಸುವಾಗೊಮ್ಮೆ ಗಾಡಿ ಹೂಂಗುಟ್ಟಿ ತಲೆಯಾಡಿಸುತ್ತದೆ. ಟಾರ್ಕ್ ಕನ್ವರ್ಟರ್ ಎಂಬುದರಲ್ಲಿ ಎಣ್ಣೆಯೇ ನಡುವಿನ ದಲ್ಲಾಳಿ. ಅದು ನಯ, ಆದರೆ ನಾನು ನೋಡುತ್ತಿದ್ದ ಅಕ್ಕತಂಗಿಯರಲ್ಲಿ ಅದು ಡೀಸೆಲ್ಲಿಗೆ ಮಾತ್ರ. ಸಿ.ವಿ.ಟಿ. ಎಂಬುದರಲ್ಲಿ ಗೇರುಗಳೇ ಇಲ್ಲ, ಬೆಲ್ಟು ಜಾರುತ್ತ ಹೋಗುತ್ತದೆ. ಡಿ.ಸಿ.ಟಿ.ಯಲ್ಲಿ ಎರಡು ಕ್ಲಚ್ಚು. ಒಂದರ ಪಾಲಿಗೆ ಒಂದು, ಮೂರು, ಐದನೇ ಗೇರು, ಇನ್ನೊಂದಕ್ಕೆ ಎರಡು, ನಾಲ್ಕು, ಆರು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬಳದು ಕೆಳಗಿಳಿಯುವಾಗ ಇನ್ನೊಬ್ಬಳದು ಮೇಲೆ ಸಿದ್ಧವಾಗಿರುತ್ತದೆ, ನಡುವೆ ಬಿಡುವಿಲ್ಲ. ಸಾದಾ 1.2 ಎಂಜಿನ್ನಿಗೆ ಆ ಅಕ್ಕತಂಗಿಯರಲ್ಲಿ ಆಟೋಮ್ಯಾಟಿಕ್ಕೇ ಇರಲಿಲ್ಲ. ಕಾಲಿಗೆ ವಿರಾಮ ಬೇಕೆಂದರೆ ಟರ್ಬೊಗೆ ಹೋಗಬೇಕು, ಹತ್ತು ಲಕ್ಷದ ಗೆರೆ ದಾಟಬೇಕು.

ಮಹಿಳಾ ಸಮಾಜದ ಗೆಳತಿಯೊಬ್ಬರ ಹತ್ತಿರ ಟರ್ಬೊ ಡಿ.ಸಿ.ಟಿ. ಇತ್ತು. ಉಪ್ಪಿನಕಾಯಿ ಭರಣಿಯೊಂದನ್ನು ಮುಂದಿಟ್ಟು ಕೇಳಿದೆ, ನಗುತ್ತಾ ಕೊಟ್ಟರು. ಅದೇ ಘಾಟಿ, ಅಷ್ಟೇ ಜನ, ಅವೇ ಮೂಟೆಗಳು. 1,500 ಸುತ್ತಿಗೇ ಪೂರ್ತಿ ಬಲ ಬರುವ ಎಂಜಿನ್ನು. ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ನಿಂತೆ. ಹೊರಡುವಾಗ ಆ ಊದುಗೊಳವೆಯ ಒಂದು ಗಳಿಗೆ ತಡ. ಆಮೇಲೆ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ ಮೇಲೇರಿತು. ಶಿಷ್ಯ ಪಕ್ಕದಲ್ಲಿ ಕೂತು ಎರಡು ಪಾಠ ಹೇಳಿದ. ಒಂದು, ಏರಿನಲ್ಲಿ ಗಾಡಿ ನಿಲ್ಲಿಸಿಕೊಳ್ಳಲು ಬ್ರೇಕು ಹಿಡಿಯಿರಿ, ಆಕ್ಸಿಲರೇಟರ್ ಒತ್ತಿ ತೂಗಾಡಿಸಬೇಡಿ, ಕ್ಲಚ್ಚು ಕಾಯುತ್ತದೆ. ಇನ್ನೊಂದು, ಇಳಿಯುವಾಗ ಬರೀ ಬ್ರೇಕನ್ನು ನಂಬಬೇಡಿ. ಗೇರಿನ ಕಡ್ಡಿಯನ್ನು ಕೈಗೇರಿನ ಬದಿಗೆ ಸರಿಸಿ ಎರಡಕ್ಕೆ ಇಳಿಸಿ. "ಯಾವ ಗೇರಲ್ಲಿ ಹತ್ತುತ್ತೀವೋ ಅದೇ ಗೇರಲ್ಲಿ ಇಳೀಬೇಕು ಮೇಡಂ" ಎಂದ. ನಾನು ಸೂತ್ರ ಕಲಿಸಿದ ಹುಡುಗ ನನಗೆ ಸೂತ್ರ ಕಲಿಸಿದ.

ಇಷ್ಟಾದ ಮೇಲೆ ಉಳಿದದ್ದು ಒಂದೇ ತೀರ್ಮಾನ. ಮಧ್ಯದ ವೇರಿಯಂಟಿನ ಟರ್ಬೊ ಆಟೋಮ್ಯಾಟಿಕ್ಕಿಗೂ ತುದಿಯ ವೇರಿಯಂಟಿನ ಗೇರಿನ ಗಾಡಿಗೂ ಬೆಲೆ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಿಂದ ಮಗ, "ಅಮ್ಮ, ಟಾಪ್ ಎಂಡ್ ತಗೋ. ಸನ್‌ರೂಫ್, ತಂಪು ಸೀಟು, ದೊಡ್ಡ ಸ್ಕ್ರೀನು ಎಲ್ಲಾ ಬರುತ್ತೆ. ಆಮೇಲೆ ಹಾಕ್ಸೋಕೆ ಆಗಲ್ಲ" ಎಂದ. "ಆಮೇಲೆ ಮೊಣಕಾಲೂ ಹಾಕ್ಸೋಕಾಗಲ್ಲ ಕಣೋ" ಎಂದೆ. ಅವನು ನಕ್ಕು ಒಪ್ಪಿದ. ಒಪ್ಪದಿದ್ದವರು ನಮ್ಮವರು. ನಾಲ್ಕು ದಿನ ವಾದ ನಡೆಯಿತು. ಆಟೋಮ್ಯಾಟಿಕ್ ರಿಪೇರಿ ದುಬಾರಿ ಎಂದರು, ಮೈಲೇಜು ಬರುವುದಿಲ್ಲ ಎಂದರು, ಗೇರಿಲ್ಲದ ಗಾಡಿ ಗಾಡಿಯೇ ಅಲ್ಲ ಎಂದರು. ಒಂದೊಂದಕ್ಕೂ ನೋಟುಬುಕ್ಕಿನಲ್ಲಿ ಉತ್ತರವಿತ್ತು. ಉತ್ತರ ಕೊಟ್ಟ ಹಾಗೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು.

ಐದನೆಯ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ, ಅಂಗಳದ ಹಳೆಯ ಕಾರನ್ನೇ ನೋಡುತ್ತ, "ಹಾಗಾದ್ರೆ ಇನ್ನು ಮೇಲೆ ನಾನು ಪಕ್ಕದ ಸೀಟಿನವನು" ಎಂದರು. ಪ್ರಶ್ನೆಯಲ್ಲ ಅದು. ನನಗೆ ಆಗ ಹೊಳೆಯಿತು. ಇಷ್ಟು ದಿನ ಅವರು ಡೀಸೆಲ್ಲಿನ ಮಾತೇ ಆಡುತ್ತಿರಲಿಲ್ಲ. 2009ರಲ್ಲಿ ಆ ಕಾರು ತಂದ ದಿನದಿಂದ ತವರಿಗೆ, ಧರ್ಮಸ್ಥಳಕ್ಕೆ, ಮಗನ ಕಾಲೇಜಿಗೆ ನಮ್ಮನ್ನು ಕರೆದೊಯ್ದವರು ಅವರು. ಡಾಕ್ಟರು ಬೇಡವೆಂದದ್ದು ರಾತ್ರಿಯ ಓಡಾಟವನ್ನು. ಕಳೆದ ತಪಾಸಣೆಯಲ್ಲಿ ಹಗಲಿನದನ್ನೂ ಬಿಡುವುದು ಒಳ್ಳೆಯದು ಎಂದಿದ್ದರು. ಅದನ್ನು ಅವರು ನನಗೆ ಹೇಳಿರಲಿಲ್ಲ. ಆ ರಾತ್ರಿ ಹೇಳಿದರು. ಆ 2024ರ ಜುಲೈ ರಾತ್ರಿ ನಾನು ಬೀಗದ ಕೈ ಹಿಡಿದು ನಿಂತದ್ದನ್ನು ಅವರೂ ನೋಡಿದ್ದರಂತೆ. "ನನ್ನಿಂದ ಆಗಲಿಲ್ಲ, ನಿನಗೆ ಹೋಗು ಅಂತ ಹೇಳೋಕೂ ಆಗಲಿಲ್ಲ" ಎಂದರು. ನನ್ನ ನೋಟುಬುಕ್ಕಿನಲ್ಲಿ ಇದಕ್ಕೆ ಪುಟವಿರಲಿಲ್ಲ. ಸುಮ್ಮನೆ ಅವರ ಪಕ್ಕ ಕೂತೆ. ಒಳಗೆ ಹಾಲು ಉಕ್ಕಿದ ವಾಸನೆ ಬಂದರೂ ಏಳಲಿಲ್ಲ.

ಮರುದಿನ ಅವರೇ ಶೋರೂಮಿಗೆ ಫೋನು ಮಾಡಿ, "ಮೇಡಂಗೆ ಮಾತಾಡಬೇಕಂತೆ" ಎಂದು ನನ್ನ ಕೈಗೆ ಕೊಟ್ಟರು.

ಡಿಸೆಂಬರಿನಲ್ಲಿ ಕಾರು ಬಂತು. ಮಧ್ಯದ ವೇರಿಯಂಟು, ಟರ್ಬೊ, ಆಟೋಮ್ಯಾಟಿಕ್, ಹಿಂದೆ ವೈಪರಿದೆ, ಮಾಡಿಗೆ ತೂತಿಲ್ಲ. ಅಕ್ಕನೋ ತಂಗಿಯೋ ಅಥವಾ ಬೇರೆ ಮನೆಯ ಹುಡುಗಿಯೋ ಎಂದು ಹೇಳುವುದಿಲ್ಲ, ಸೀರೆಯ ಅಂಗಡಿಯ ಹೆಸರು ಹೇಳಿದರೆ ಆಮೇಲೆ ಊರೆಲ್ಲ ಒಂದೇ ಸೀರೆ. ಟೇಪು ಹಿಡಿದು ನೋಡಿದೆ, ಸೀಟಿನ ಎತ್ತರ 25 ಇಂಚು. ಅಮ್ಮನ ಮಂಚಕ್ಕಿಂತ ಮೂರು ಹೆಚ್ಚು. ಬಾಗಿಲ ಪಕ್ಕಕ್ಕೆ ಮೆಟ್ಟಿಲು ಹಾಕಿಸಬಹುದು, ಇಷ್ಟು ಸಾವಿರ ಎಂದು ಹುಡುಗ ಹೇಳಿದ. ನಾನು ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಿದ್ದ ಹಲಸಿನ ಮಣೆಯನ್ನು ತೊಳೆದು ಡಿಕ್ಕಿಯಲ್ಲಿಟ್ಟೆ. ಅದರ ಎತ್ತರ ಸರಿಯಾಗಿ ಮೂರು ಇಂಚು.

ಜನವರಿಯ ಒಂದು ಬೆಳಿಗ್ಗೆ ಅಮ್ಮನನ್ನು ತಪಾಸಣೆಗೆ ಕರೆದೊಯ್ಯಲು ಹೊರಟೆ. ನಮ್ಮವರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ "ಎಡಕ್ಕೆ ಹಿಡಿ", "ಹಾರ್ನ್ ಹಾಕು" ಎನ್ನುತ್ತ ಬಂದರು, ನಾನೂ ಆಡಿಕೊಳ್ಳಲಿ ಎಂದು ಬಿಟ್ಟೆ. ಘಾಟಿಯಲ್ಲಿ ಎರಡನೇ ಗೇರಿಗಿಳಿಸಿದಾಗ ಮಾತ್ರ, "ಇದು ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿ ಸುಮ್ಮನಾದರು. ತವರಿನ ಅಂಗಳದಲ್ಲಿ ಅವರೇ ಇಳಿದು, ಹಿಂದಿನ ಸೀಟಿಗೆ ಹೋಗಿ ಕೂತು, ಮುಂದಿನ ಜಾಗವನ್ನು ಅಮ್ಮನಿಗೆ ಬಿಟ್ಟುಕೊಟ್ಟರು. ಮಣೆ ಇಟ್ಟೆ. ಅಮ್ಮ ವಾಕರ್ ಹಿಡಿದು ತಿರುಗಿ, ಮಣೆಯ ಮೇಲೆ ನಿಂತು, ಮಂಚದ ಮೇಲೆ ಕೂರುವ ಹಾಗೇ ಕೂತಳು. ಆಮೇಲೆ ಒಂದೊಂದಾಗಿ ಕಾಲು ಒಳಗಿಟ್ಟಳು. ನಾನು ಕೈ ಚಾಚಿದ್ದು ಹಾಗೇ ಉಳಿಯಿತು.

ಹೆಬ್ರಿ ದಾಟುವವರೆಗೂ ಆಕೆ ಮಾತಾಡಲಿಲ್ಲ. ಬೆರಳಿನಿಂದ ಮುಂದಿನ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು, ಬೆಲ್ಟನ್ನು ಎಳೆದು ನೋಡಿದಳು. ಆಮೇಲೆ ತಲೆಯೆತ್ತಿ ಮಾಡನ್ನು ನೋಡತೊಡಗಿದಳು. ನನಗೆ ಗಾಬರಿ, ಕುತ್ತಿಗೆ ನೋವೇ ಎಂದು ಕೇಳಿದೆ.

"ಅಲ್ಲ ಮಗಾ" ಎಂದಳು ಅಮ್ಮ. "ಇದಕ್ಕೆ ಮೇಲೊಂದು ಕಿಟಕಿ ಇಲ್ವಾ? ಆಚೆಮನೆಯವರದಕ್ಕೆ ಉಂಟು."

ಹಿಂದಿನ ಸೀಟಿನಿಂದ ನಮ್ಮವರು ನಕ್ಕ ನಗು ಉಡುಪಿ ಮುಟ್ಟುವವರೆಗೂ ನಿಲ್ಲಲಿಲ್ಲ.